ಸುಣ್ಣ ಬಳಿದ ಕಲ್ಲುಗಳು

ಜೂನ್ 14, 1959. ರವಿವಾರ. ತಿಕೋಟೆ

ಮಿರಗದ ಮಳೆ ಎರಡು ಸಲ ಬಂದುಹೋಗಿದೆ. ಕುರಣದ ಹುಲ್ಲು ಬುಡದಲ್ಲಿ ಹಸಿರು, ತುದಿಯಲ್ಲಿ ಇನ್ನೂ ಹೋದ ವರ್ಷದ ಬಿಳುಪು. ಮೊದಲ ಬಸ್ಸಿಗೆ ವಿಜಾಪುರದಿಂದ ಬಂದು, ಸೋದರತ್ತೆಯ ಮನೆಯಲ್ಲಿ ಚೀಲವಿಟ್ಟು, ಚಹಾ ಸಹ ಕುಡಿಯದೆ ನಡೆದುಬಿಟ್ಟೆ. ನಲವತ್ತೇಳನೆಯ ವಯಸ್ಸಿನಲ್ಲಿ ಎಂ.ಎ. ಪಾಸಾದದ್ದನ್ನು ಯಾರಿಗೆ ಹೇಳಿಕೊಳ್ಳುವುದು? ಶಾಲೆಯಲ್ಲಿ ಹುಡುಗಿಯರು ನಕ್ಕರು, ಉಳಿದ ಶಿಕ್ಷಕಿಯರು ಪೇಢೆ ತಿಂದು ನಕ್ಕರು. ಹುಲ್ಲಿಗೆ ಹೇಳೋಣವೆಂದು ಹೋದೆ.

ಅಲ್ಲಿ ಕೆಂಪು ಬಾವುಟಗಳು. ನೂರು ಹೆಜ್ಜೆಗೊಂದರಂತೆ, ಬಬಲೇಶ್ವರದ ದಿಕ್ಕಿಗೆ ನೇರ ಸಾಲು. ಜೀಪಿನ ಚಕ್ರ ಹುಲ್ಲನ್ನು ಎರಡು ಗೆರೆಯಾಗಿ ಮಲಗಿಸಿದೆ. ಇದು ಬ್ರಿಟಿಷರ ಕಾಲದಿಂದ ಕಾಯ್ದಿಟ್ಟ ಹುಲ್ಲುಗಾವಲು, ಕುರಣ. ಇಲ್ಲಿ ನೇಗಿಲು ಹೂಡುವಂತಿಲ್ಲ, ಬಂದೂಕು ತರುವಂತಿಲ್ಲ. ಕುರಿ ಮೇಯಿಸಲು ಮಾತ್ರ ಪರವಾನಗಿ. ಮೂರು ಮೈಲು ಹುಲ್ಲು, ಚಿಗರಿ, ತೋಳ, ಮತ್ತು ಎರೆಭೂತ: ಮೊಳಕಾಲುದ್ದದ ಕಾಲು, ಮನುಷ್ಯನ ಸೊಂಟದೆತ್ತರ ನಿಲ್ಲುವ ಆ ಹಕ್ಕಿ. ಮಳೆಗಾಲದಲ್ಲಿ ಗಂಡು ಹೂಂಕರಿಸಿದರೆ ಅರ್ಧ ಮೈಲಿಗೆ ಕೇಳುತ್ತದೆ.

ಕುರುಬರ ಸಿದ್ದರಾಯ ಕುರಿ ಬಿಟ್ಟುಕೊಂಡು ನಿಂತಿದ್ದ. ಇದೇನು ಎಂದೆ.

"ಭೂಮ್ಯಾಗ ಎಣ್ಣಿ ಐತಂತ್ರಿ ಅಕ್ಕೋರ. ಮೋಟಾರಕ್ಕ ಹಾಕೂ ಎಣ್ಣಿ."

"ಯಾರು ಹೇಳಿದರು?"

"ಜೀಪಿನ ಸಾಹೇಬ್ರು. ನಾ ಕೇಳಿದೆ, ಗಾಣಕ್ಕ ಎತ್ತ ನಮ್ಮವ ಬೇಕೇನ್ರಿ ಅಂತ. ಸಿಟ್ಟಾದ್ರು."

ಅವನ ಹೆಂಡತಿ ತಾಯವ್ವ ಏನನ್ನೋ ಸೆರಗಿನಲ್ಲಿ ಮುಚ್ಚಿಕೊಂಡಳು. ನೋಡಿದರೆ ಮೂರು ಬಾವುಟ. ಕೌದಿಗೆ ಕೆಂಪು ತುಣುಕು ಸಿಕ್ಕಿರಲಿಲ್ಲವಂತೆ. ನಾನೂ ನಕ್ಕುಬಿಟ್ಟೆ. ಇನ್ನೂ ನಾಲ್ಕು ಕಿತ್ತುಕೋ ಎಂದೆ.

ಜೂನ್ 17, ಬುಧವಾರ. ವಿಜಾಪುರ

ಪ್ರಲ್ಹಾದ ಕಚೇರಿಯಿಂದ ಬಂದೊಡನೆ ವಿಚಾರಿಸಿದೆ. ನನ್ನ ತಮ್ಮ ಕಂದಾಯದ ಕಾಗದಗಳ ನಡುವೆಯೇ ಕೂದಲು ನೆರೆಸಿಕೊಂಡವನು. ಅವನಿಗೆ ಗೊತ್ತಿಲ್ಲದ್ದು ಜಿಲ್ಲೆಯಲ್ಲಿ ಇಲ್ಲ. ಹೌದು, ಎಣ್ಣೆ ಹುಡುಕುವ ಕ್ಯಾಂಪು. ಮೊದಲು ಸಾಲು ಹಾಕಿ ಕುಣಿ ಹೊಡೆದು ಮದ್ದು ಸಿಡಿಸುತ್ತಾರೆ, ನೆಲ ನಡುಗುವುದನ್ನು ಯಂತ್ರದಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಗೋಪುರ ನಿಲ್ಲಿಸಿ ಕೊರೆಯುತ್ತಾರೆ.

"ಕಾಯ್ದಿಟ್ಟ ಕುರಣದೊಳಗ ಹೆಂಗ ಬರ್ತಾರ?"

"ಅಕ್ಕಾ, ಕಾಯ್ದಿಟ್ಟಾವ್ರು ಯಾರು? ಸರಕಾರ. ಕೊರೀತೇವಿ ಅನ್ನಾವ್ರು ಯಾರು? ಸರಕಾರ. ಎಂ.ಎ. ಮಾಡಿ ಹಕ್ಕಿಗೋಳ ವಕೀಲಿ ಮಾಡ್ಲಿಕ್ಕ ಹೊಂಟೀ ಏನು?"

"ಹೌದು ಅಂತ ತಿಳಿ."

ಅವನು ಅಂಗಿ ಗೂಟಕ್ಕೆ ಹಾಕಿ, ಹಾಗಾದರೆ ಬರೇ ವರ್ಣನೆ ಬರೆಯಬೇಡ ಎಂದ. ಗೂಡು ಎಷ್ಟು, ಎಲ್ಲಿ, ಯಾವ ಗುರುತು ಎಂದು ಬರೆದು ನಕಾಶೆ ಹಚ್ಚಿದರೆ ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತದಂತೆ.

ಮಲಗುವ ಮೊದಲು ಎಂದಿನಂತೆ ನಾಲ್ಕು ಪದ್ಯ ಓದಿದೆ. ನಮ್ಮ ಹಳೆಯ ಕವಿಗಳಿಗೆ ಹಂಸ ಗೊತ್ತು, ಚಕೋರ ಗೊತ್ತು. ಎರೆಭೂತದ ಮೇಲೆ ಒಂದು ಸಾಲೂ ನಾನು ಕಂಡಿಲ್ಲ. ನಾನು ಬರೆಯುವ ಅರ್ಜಿಯೇ ಅದರ ಮೊದಲ ಕಾವ್ಯವಾಗಲಿ ಎಂದುಕೊಂಡೆ. ಹಾಗೆಂದುಕೊಂಡದ್ದಕ್ಕೆ ತುಸು ಹೆಮ್ಮೆಯೂ ಆಯಿತು.

ಜೂನ್ 28, ರವಿವಾರ. ತಿಕೋಟೆ

ಇಡೀ ಮುಂಜಾನೆ ಸಿದ್ದರಾಯನೊಡನೆ ವಾದ.

"ಎರಿಭೂತದ ತತ್ತಿ ಎಲ್ಲಿ ಅದಾವು?"

"ನಂಗ ಕಂಡಿಲ್ರಿ."

"ಹೋದ ವರ್ಷ?"

"ಆಗೂ ಕಂಡಿಲ್ರಿ."

ಹೊನವಾಡದ ಕಡೆಯ ಕುರುಬನೊಬ್ಬ ಅಲ್ಲೇ ಬೀಡಿ ಸೇದುತ್ತ ಕೂತಿದ್ದ. ಅವನೂ ಅದೇ ಮಾತು ಹೇಳಿದ: ಕಂಡಿಲ್ಲ. ವರ್ಷವಿಡೀ ಇದೇ ಹುಲ್ಲಿನಲ್ಲಿ ತಿರುಗುವವರಿಗೆ ಕಾಣದೇ ಇರುತ್ತದೆಯೇ? ಈ ಜನರ ಅಂಜಿಕೆಯೋ, ಸೋಮಾರಿತನವೋ ಎಂದು ರೇಗಿತು. ಅವನು ಎದ್ದುಹೋದ ಮೇಲೆ ತಾಯವ್ವನೇ ಬಾಯಿಬಿಟ್ಟಳು.

"ಒಬ್ಬರ ಮುಂದ ಒಬ್ಬರು ಹೇಳೂದಿಲ್ರಿ ಬಾಯಾರ. ಹಿಂದಕಿಂದ ಬಂದ ರೀತಿ. ಕಂಡವ ಬಗಲಾಗ ಮೂರು ಕಲ್ಲ ಇಡತಾನ, ಕುರಿ ತುಳೀಬಾರದಂತ. ಮತ್ತೊಬ್ಬ ಕುರುಬ ಆ ಕಲ್ಲ ನೋಡಿದ್ರ ದಾರಿ ತಪ್ಪಿಸಿ ಹೊಕ್ಕಾನ. ಬಾಯಿಲೆ ಮಾತ್ರ ಯಾರೂ ಆಡಂಗಿಲ್ಲ."

"ಈಗ ಆಡಬೇಕು. ಆಡದಿದ್ದರ ಸರಕಾರ ನಂಬೂದಿಲ್ಲ."

"ಸರಕಾರಕ್ಕ ಕಣ್ಣ ಇಲ್ಲೇನ್ರಿ?" ಎಂದ ಸಿದ್ದರಾಯ.

"ತೋರಿಸಿದ್ದಷ್ಟೇ ನೋಡ್ತದ, ಸಿದ್ದರಾಯಾ."

ಅವನು ಕೋಲಿನಿಂದ ನೆಲ ಗೀರುತ್ತ ಬಹಳ ಹೊತ್ತು ಕೂತ. ಆಮೇಲೆ ಎದ್ದ. ಬಿಸಿಲು ಇಳಿಯುವುದರೊಳಗೆ ಐದು ಕಡೆ ಕರೆದೊಯ್ದ. ಐದೂ ಕಡೆ ಮೂರು ಮೂರು ಕಲ್ಲು, ನೆಲದ ಬಣ್ಣದವೇ. ನಾನೊಬ್ಬಳೇ ಆಗಿದ್ದರೆ ಮೇಲೆಯೇ ಕಾಲಿಡುತ್ತಿದ್ದೆ. ನಡುವೆ, ಬರಿ ನೆಲದ ಮೇಲೆ, ಒಂದೇ ಒಂದು ತತ್ತಿ. ಗೂಡೂ ಇಲ್ಲ, ಹುಲ್ಲಿನ ಹಾಸೂ ಇಲ್ಲ. ಎರೆಮಣ್ಣಿಗೆ ಹುಲ್ಲಿನ ನೆರಳು ಬಿದ್ದಂಥ ಬಣ್ಣ.

ಹೆಜ್ಜೆ ಎಣಿಸಿ ನಕಾಶೆ ಬರೆದೆ. ಒಂದು, ಎರಡು, ಮೂರು, ನಾಲ್ಕು, ಐದು.

ಜುಲೈ 3, ಶುಕ್ರವಾರ. ವಿಜಾಪುರ

ಅರ್ಜಿ ಕೊಟ್ಟಾಯಿತು, ಹನ್ನೊಂದು ಪುಟ. ಹಕ್ಕಿ ವರ್ಷಕ್ಕೆ ಒಂದೇ ತತ್ತಿ ಇಡುತ್ತದೆ, ಸದ್ದಿಗೆ ಹೆದರಿ ಬಿಟ್ಟುಹೋದರೆ ತಿರುಗಿ ಬರುವುದು ಕಷ್ಟ, ಹುಲ್ಲಿನ ಬೇರು ಕಿತ್ತರೆ ಎರೆ ಬಾಯಿಬಿಡುತ್ತದೆ, ಕೊಳವೆಯಿಂದ ಬರುವ ಹೊಲಸು ನೀರು ಹಳ್ಳದಿಂದ ಡೋಣಿ ನದಿಗೆ ಸೇರುತ್ತದೆ ಎಂದೆಲ್ಲ ಬರೆದೆ. ಪ್ರಲ್ಹಾದ ಓದಿ, ಎರಡು ವಿಶೇಷಣ ಹೊಡೆದುಹಾಕಿ, "ಚಲೋ ಅದ" ಎಂದ. ಅವನ ಬಾಯಿಂದ ಇಷ್ಟು ಬರುವುದೇ ಹೆಚ್ಚು.

ಕಂದಾಯ ಉಪವಿಭಾಗದ ಪ್ರಾಂತ ಸಾಹೇಬರು ಜುಲೈ ಹದಿನಾರಕ್ಕೆ ಖುದ್ದು ನೋಡಲು ಬರುತ್ತಾರಂತೆ. ಖುದ್ದು! ಗಾಂಧಿ ಚೌಕದಿಂದ ಮನೆಯವರೆಗೆ ಟಾಂಗಾ ಹಿಡಿಯದೆ ನಡೆದೇ ಬಂದೆ.

ಜುಲೈ 12, ರವಿವಾರ. ತಿಕೋಟೆ

ಸಾಹೇಬರು ಬರುವುದು ಜೀಪಿನಲ್ಲಿ. ಇಳಿದು ಹೆಚ್ಚು ನಡೆಯುವವರಲ್ಲ ಎಂದು ಪ್ರಲ್ಹಾದ ಮೊದಲೇ ಹೇಳಿದ್ದ. ನೆಲದ ಬಣ್ಣದ ಕಲ್ಲು, ನೆಲದ ಬಣ್ಣದ ತತ್ತಿ ಅವರಿಗೆ ಹೇಗೆ ಕಾಣಬೇಕು? ಅತ್ತೆಯ ಮನೆಯಲ್ಲಿ ಪಂಚಮಿಗೆ ಗೋಡೆ ಸಾರಿಸಲೆಂದು ಸುಣ್ಣ ತಂದಿಟ್ಟಿದ್ದರು. ಒಂದು ಬಕೀಟು ಕಲಸಿ ಕುರಣಕ್ಕೆ ಒಯ್ದೆ.

ಸಿದ್ದರಾಯ ಬಕೀಟು ನೋಡಿ ನನ್ನನ್ನು ನೋಡಿದ.

"ಬೆಳ್ಳಗ ಮಾಡಿದ್ರ ಹದ್ದಿಗೂ ಕಾಣತೈತಿ ಅಕ್ಕೋರ."

"ನಾಕ ದಿನದ ಮಾತು. ಸಾಹೇಬ್ರು ನೋಡಿ ಹೋದ ಮ್ಯಾಲೆ ತೊಳದುಬಿಡೂಣು."

"ಇನ್ನೊಂದು ಎಂಟು ದಿನಕ್ಕ ತತ್ತಿ ಒಡದು ಮರಿ ಬರತಾವ್ರಿ. ಅಲ್ಲೀತನಕ ಸುಮ್ಕಿದ್ರ ಆಗಂಗಿಲ್ಲೇನು?"

ಎಂಟು ದಿನಕ್ಕೆ ಸಾಹೇಬರು ಕಾಯುತ್ತಾರೆಯೇ ಎಂದೆ. ಹಳೆಯ ಕಲ್ಲಿನಿಂದ ಒಂದೆರಡು ಹೆಜ್ಜೆ ಈಚೆಗೆ ದೊಡ್ಡ ಕಲ್ಲುಗಳನ್ನು ಅವನೇ ಹೊತ್ತು ತಂದಿಟ್ಟ. ಸುಣ್ಣ ಮಾತ್ರ ನಾನೇ ಬಳಿದೆ. ಅವನು ಕುಂಚ ಮುಟ್ಟಲಿಲ್ಲ. ನಾವು ದೂರ ಹೋದ ಮೇಲೆ ಹಕ್ಕಿಗಳು ತಿರುಗಿ ಬಂದು ಕೂತದ್ದನ್ನು ದಿಬ್ಬದ ಮೇಲಿನಿಂದ ನೋಡಿದೆ. ಐದೂ ಬಂದವು. ಎಷ್ಟು ದೂರದಿಂದಲೂ ಬಿಳಿ ಕಲ್ಲು ಎದ್ದು ಕಾಣುತ್ತದೆ.

ಕೆಂಪು ಬಾವುಟ ಒಂದೂ ಉಳಿದಿಲ್ಲ. ತಾಯವ್ವನ ಕೌದಿ ಮುಗಿಯುತ್ತ ಬಂದಿರಬೇಕು.

ಜುಲೈ 16, ಗುರುವಾರ. ತಿಕೋಟೆ

ರಜೆ ಹಾಕಿ ಬಂದು ಮುಂಜಾನೆ ಎಂಟರಿಂದ ಸಂಜೆ ಐದರವರೆಗೆ ದಾರಿಯಲ್ಲಿ ನಿಂತೆ. ಸಾಹೇಬರು ಬರಲಿಲ್ಲ. ಸೋಮವಾರ ಬರಬಹುದೆಂದು ಸಿಪಾಯಿ ಹೇಳಿಹೋದ. ಸೋಮವಾರದವರೆಗೆ ಕಲ್ಲು ಹಾಗೇ ಇರಲಿ ಎಂದು ಸಿದ್ದರಾಯನಿಗೆ ಹೇಳಿ ಕೊನೆಯ ಬಸ್ಸಿಗೆ ಹೊರಟೆ.

ಜುಲೈ 19, ರವಿವಾರ. ತಿಕೋಟೆ

ಬರೆಯಬೇಕು.

ಬಸ್ಸಿಳಿದಾಗ ಅತ್ತೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಗಂಡಸು ಕೂತಿದ್ದ. ಬಬಲೇಶ್ವರದ ಶಂಕರೆಪ್ಪ, ಕ್ಯಾಂಪಿನ ಕೂಲಿಗಳ ಮುಕಾದಮ. ತಲೆಯ ಪಟಕ ಬಿಚ್ಚಿ ಏನನ್ನೋ ಅದರಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಅಕ್ಕೋರ ಅಂದ್ರ ನೀವೇನ್ರಿ? ಕುರುಬರು ನಿಮ್ಮ ಹೆಸರ ಹೇಳಿದ್ರು."

ಕುರಣದಲ್ಲಿ ಬಾವುಟ ನಿಲ್ಲುತ್ತಿಲ್ಲವೆಂದು ಅವರ ಸಾಹೇಬರು ಹೋದ ವಾರ ಪದ್ಧತಿ ಬದಲಿಸಿದರಂತೆ. ಬಾವುಟ ಕದಿಯಬಹುದು, ಕಲ್ಲು ಯಾರು ಕದಿಯುತ್ತಾರೆ? ಸುಣ್ಣ ಬಳಿದ ಕಲ್ಲು ಇಟ್ಟುಹೋಗಿ ಅಪ್ಪಣೆ ಮಾಡಿದರು: ಸುಣ್ಣದ ಕಲ್ಲು ಕಂಡಲ್ಲಿ ಕುಣಿ ಹೊಡೆಯಿರಿ, ಮದ್ದು ತುಂಬಿ ಸುರಂಗ ಹಚ್ಚಿರಿ. ಶುಕ್ರವಾರ ಶಂಕರೆಪ್ಪನ ಗುಂಪು ಸಾಲು ಹಿಡಿದು ಬಂತು. ಸಾಲಿನಿಂದ ಆಚೆಗೆ ಇನ್ನಷ್ಟು ಬಿಳಿ ಕಲ್ಲು ಕಂಡವು.

"ಸಾಲ ಅಂಕಡೊಂಕಡ ಇತ್ರಿ. ಹುಡುಗ್ರು ಅಂದ್ರು, ಮಾಮಾ, ಇದೇನ ಕುಡದು ಇಟ್ಟಾರೇನು? ನಾ ಅಂದೆ, ಸಾಹೇಬರ ತಲಿ, ನಮಗ್ಯಾಕ ಬೇಕು, ಹೊಡೀರಿ. ಮೂರು ಕಡೆ ಸಿಡದ ಮ್ಯಾಲ ಹಕ್ಕಿ ಪುಕ್ಕ ಕಂಡ್ವು."

"ಹಕ್ಕಿ ಎದ್ದುಹೋಗಲಿಲ್ಲೇನು?"

"ಎದ್ದು ಹೋದ್ವು. ಒಂದ ಮಾತ್ರ ತಿರುಗಿ ಬಂತು, ನಾವು ಬತ್ತಿ ಹಚ್ಚಿ ದೂರ ಓಡಿದ ಮ್ಯಾಲ. ಬ್ಯಾಡಾ ಬ್ಯಾಡಾ ಅಂತ ಒದರಿದೆ ನೋಡ್ರಿ, ಅದಕ್ಕೇನ ತಿಳೀತೈತಿ."

ನಾಲ್ಕನೆಯದು ಕುಣಿ ಹೊಡೆಯುವಾಗ ಗುದ್ದಲಿಗೆ ಒಡೆಯಿತು. ಐದನೆಯ ಕಡೆ ಅವನಿಗೆ ಸಂಶಯ ಬಂದು ಮೊದಲು ನೆಲ ನೋಡಿದ. ತತ್ತಿ ಇತ್ತು. ಅಷ್ಟರಲ್ಲಿ ಹಕ್ಕಿ ಹೋಗಿಬಿಟ್ಟಿತ್ತು. ಎರಡು ದಿನ ಕಾದ, ಬರಲಿಲ್ಲ. ಪಟಕದಲ್ಲಿ ಸುತ್ತಿ ಇಲ್ಲಿಗೆ ತಂದಿದ್ದಾನೆ.

"ನಮ್ಮವ್ವ ಅಂದಳು, ಕೋಳಿ ಬುಡಕ ಇಡು ಅಂತ. ಕೋಳಿ ಕೂಡವಲ್ತು. ನೀವು ಕಲತಾವ್ರು, ಏನರ ಮಾಡ್ರಿ."

ಅವನು ಒಳ್ಳೆಯವನು. ಕ್ಷಮಿಸಿರಿ ಎಂದು ಎರಡು ಸಲ ಅಂದ. ಆ ಬಿಳಿ ಕಲ್ಲು ನಾನೇ ಇಟ್ಟದ್ದು ಎಂದು ಅವನಿಗೆ ಹೇಳಲಾಗಲಿಲ್ಲ. ಬಹುಶಃ ಗೊತ್ತಿತ್ತು.

ಜುಲೈ 20, ಸೋಮವಾರ. ವಿಜಾಪುರ

ತತ್ತಿಯನ್ನು ಜೋಳದ ಗಡಿಗೆಯಲ್ಲಿ ಹುಗಿದಿಟ್ಟಿದ್ದೇನೆ. ಮಾವಿನಕಾಯಿ ಹಣ್ಣಾಗುವಷ್ಟು ಬಿಸಿ ಅಲ್ಲಿ ಇರುತ್ತದೆ. ಇದರಿಂದ ಏನೂ ಆಗುವುದಿಲ್ಲವೆಂದು ಗೊತ್ತು.

ಪ್ರಾಂತ ಸಾಹೇಬರು ಇವತ್ತು ಕುರಣಕ್ಕೆ ಹೋಗಿದ್ದರಂತೆ. ಜೀಪಿನಲ್ಲೇ ಕೂತು ಕುರಣ ನೋಡಿ, ಗೂಡು ಯಾವುದೂ ಕಂಡುಬರಲಿಲ್ಲ ಎಂದು ಬರೆದುಕೊಂಡು ಹೋದರಂತೆ.

ಜುಲೈ 22

ಗಡಿಗೆ. ತತ್ತಿ ತಣ್ಣಗೇ ಇದೆ.

ಆಗಸ್ಟ್ 2, ರವಿವಾರ. ತಿಕೋಟೆ

ತತ್ತಿಯನ್ನು ಕುರಣದಲ್ಲಿ ಹುಗಿದು ಬಂದೆ. ಸಿದ್ದರಾಯ ಕುಣಿ ತೋಡಿಕೊಟ್ಟ. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಮಣ್ಣು ಮುಚ್ಚಿದ ಮೇಲೆ ಕೈ ಒರೆಸಿಕೊಳ್ಳುತ್ತ ಅಂದ:

"ನಮ್ಮಪ್ಪ, ಅವರಪ್ಪ, ಯಾರಿಗೂ ಕಾಣದ್ಹಂಗ ಕಾದ್ರು ಅಕ್ಕೋರ. ನೀವು ಕಾಣೂಹಂಗ ಮಾಡಿದ್ರಿ."

 

ನವೆಂಬರ್ 22, 1959. ರವಿವಾರ. ತಿಕೋಟೆ

ಗೋಪುರ ಎದ್ದಿದೆ. ತಿಕೋಟೆಯ ಮಾಳಿಗೆಗಳ ಮೇಲಿಂದಲೂ ಕಾಣುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಯಂತ್ರದ ಸದ್ದಿಗೆ ಹಗಲೆಲ್ಲ ಪಾತ್ರೆಗಳು ನೆಲುವಿನಲ್ಲಿ ಸಣ್ಣಗೆ ಅಲುಗುತ್ತವೆ.

ಹೋದ ವಾರ ಅರ್ಜಿಗೆ ಉತ್ತರ ಬಂತು. ಆರು ಸಾಲು. ಸ್ಥಳ ಪರಿಶೀಲನೆಯಲ್ಲಿ ಅರ್ಜಿದಾರರು ಹೇಳಿದ ಹಕ್ಕಿಯ ವಾಸ ಕಂಡುಬಂದಿಲ್ಲವಾದ್ದರಿಂದ ಮುಂದಿನ ಕ್ರಮದ ಅಗತ್ಯವಿಲ್ಲ. ಪ್ರಲ್ಹಾದ ಅದನ್ನು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತಿದ್ದ. "ಮ್ಯಾಲಿನವ್ರಿಗೆ ಬರೀ ಅಕ್ಕಾ," ಎಂದ. ಬರೆದೆ. ನಕಾಶೆ ಹಚ್ಚಲಿಲ್ಲ.

ಯಾಕೋ ಇವತ್ತು ಹಳೆಯದು ನೆನಪಾಯಿತು. ಹದಿನಾಲ್ಕಕ್ಕೆ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಇಲ್ಲಿ ಸೋದರತ್ತೆಯ ಮನೆಗೆ ತಂದುಬಿಟ್ಟರು. ಊರಿನ ಓಣಿಯಲ್ಲಿ ನನ್ನ ಮುಖ ಕಂಡರೆ ಅಪಶಕುನವೆಂದು ಬಾಗಿಲು ಮುಂದೆ ಮಾಡುತ್ತಿದ್ದರು. ಯಾರ ಕಣ್ಣಿಗೂ ಬೀಳದೆ ಇರಬಹುದಾದ ಜಾಗ ಕುರಣ ಒಂದೇ. ಒಂದು ದಿನ ಅಪ್ಪ ಹುಡುಕಿಕೊಂಡು ಬಂದರು. ಬಾವಿಗೆ ಬಿದ್ದಳೇನೋ ಎಂಬ ಗಾಬರಿ. ನಾನು ಹುಲ್ಲಿನಲ್ಲಿ ಬೋರಲು ಮಲಗಿದ್ದೆ. ಸಿದ್ದರಾಯನ ತಾಯಿ ಮುದುಕವ್ವ ನಾಲ್ಕು ಮಾರು ದೂರದಲ್ಲಿ ಕುರಿ ಕಾಯುತ್ತ ನಿಂತಿದ್ದಳು. "ಇಲ್ರೀ ಧಣ್ಯಾರ, ನಂಗ ಯಾರೂ ಕಂಡಿಲ್ಲ," ಎಂದಳು. ಅಪ್ಪ ಹೋದ ಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರಿಗಳನ್ನು ನನ್ನ ಸುತ್ತ ಬಿಟ್ಟುಕೊಂಡು, ಹೊತ್ತು ಇಳಿಯುವವರೆಗೆ ಉಣ್ಣೆ ನೂಲುತ್ತ ನಿಂತಿದ್ದಳು.

ಅವಳು ಸತ್ತು ಇಪ್ಪತ್ತು ವರ್ಷವಾಯಿತು. ಇವತ್ತೇ ಯಾಕೆ ನೆನಪಾಯಿತೋ.

ಮಾರ್ಚ್ 1960. ತಿಕೋಟೆ

ತಾರೀಖು ನೆನಪಿಲ್ಲ. ಎಣ್ಣೆ ಸಿಕ್ಕಿಲ್ಲ. ಕೊಳವೆಯಿಂದ ಉಪ್ಪುನೀರು ಉಕ್ಕುತ್ತಿದೆ. ಒಡ್ಡು ಕಟ್ಟದೆ ಕುರಣಕ್ಕೇ ಬಿಟ್ಟಿದ್ದಾರೆ. ನೀರು ಹರಿದ ಕಡೆಯೆಲ್ಲ ಹುಲ್ಲು ಕರಕಾಗಿ, ಮಣ್ಣಿನ ಮೇಲೆ ಬಿಳಿ ಪೊರೆ. ಯಾರೋ ಮೈಲುಗಟ್ಟಲೆ ಸುಣ್ಣ ಬಳಿದಂತೆ.

ಸಿದ್ದರಾಯನ ಎಂಟು ಕುರಿ ಆ ನೀರು ಕುಡಿದು ಸತ್ತವು.

"ಡೋಣಿ ಹರಿದ್ರ ಓಣೆಲ್ಲಾ ಕಾಳು ಅಂತಿದ್ರು ಹಿರ್ಯಾರು," ಎಂದಳು ತಾಯವ್ವ. "ಈ ನೀರು ಹರಿದು ಡೋಣಿ ಸೇರಿದ್ರ ಓಣ್ಯಾಗ ಏನ ಬೆಳೀತೈತ್ರಿ ಬಾಯಾರ?"

ಜುಲೈ 10, 1960. ರವಿವಾರ

ಗಂಡುಹಕ್ಕಿಯ ಹೂಂಕಾರ ಈ ಮಳೆಗಾಲದಲ್ಲಿ ಒಂದು ದಿನವೂ ಕೇಳಲಿಲ್ಲ. ಯಂತ್ರ ನಿಲ್ಲಿಸಿದ ಹೊತ್ತಿನಲ್ಲಿ ಕಿವಿಗೊಟ್ಟು ಕೂತಿದ್ದೆ. ಗಾಳಿ ಮಾತ್ರ.

ಅಕ್ಟೋಬರ್ 16, 1960. ರವಿವಾರ

ಕ್ಯಾಂಪು ಎತ್ತಿದರು. ಗೋಪುರ ಬಿಚ್ಚಿ ಲಾರಿಗೆ ಹೇರುವಾಗ ಶಂಕರೆಪ್ಪ ಸಿಕ್ಕ. "ಇಲ್ಲಿ ಏನೂ ಇಲ್ಲಂತ್ರಿ," ಎಂದ. ಇಲ್ಲಿ ಏನೂ ಇಲ್ಲ. ಅವನು ಹೇಳಿದ್ದು ಎಣ್ಣೆಯ ಮಾತು.

ಮೇಲಿನವರಿಗೆ ಬರೆದ ಅರ್ಜಿಗೆ ಉತ್ತರ ಬರಲೇ ಇಲ್ಲ. ಈಗ ಬಂದರೂ ಯಾವುದಕ್ಕೆ?

ಕಪಾಟಿನಲ್ಲಿ ಕಾವ್ಯಗಳ ಮೇಲೆ ಧೂಳು ಕೂತಿದೆಯೆಂದು ಪ್ರಲ್ಹಾದ ಇವತ್ತು ಒರೆಸಿಟ್ಟ. ನಾನು ನೋಡಿಯೇ ಇರಲಿಲ್ಲ.

ಆಗಸ್ಟ್ 6, 1961. ರವಿವಾರ. ತಿಕೋಟೆ

ತಾಯವ್ವನಿಗೆ ಜ್ವರ; ನೋಡಲು ಹೋಗಿದ್ದೆ. ಆ ಕೌದಿ ಹೊದ್ದು ಮಲಗಿದ್ದಾಳೆ. ನಡುನಡುವೆ ಕೆಂಪು ಚೌಕಗಳು, ಬಣ್ಣ ಇನ್ನೂ ಹೋಗಿಲ್ಲ. "ಸರಕಾರದ ಅರಿಬಿ ಗಟ್ಟಿ ಐತ್ರಿ," ಎಂದು ನಕ್ಕಳು. ಸಿದ್ದರಾಯ ನಗಲಿಲ್ಲ. ಎರಡು ವರ್ಷದಿಂದ ನನ್ನೊಡನೆ ಬೇಕಾದಷ್ಟೇ ಮಾತು ಅವನದು. ಬರ್ರಿ, ಕೂಡ್ರಿ, ಚಾ ಕುಡೀರಿ.

ಕುರಣದ ಅರ್ಧ ಬೋಳು. ಉಳಿದ ಅರ್ಧದಲ್ಲಿ ಈ ವರ್ಷ ಹುಲ್ಲು ತೆಳ್ಳಗೆ ಎದ್ದಿದೆ. ಸುಮ್ಮನೆ ಅಡ್ಡಾಡಿ ಬಂದೆ. ಬರುವ ವಾರವೂ ಹೋಗುತ್ತೇನೆ. ಯಾಕೆಂದು ಕೇಳಿದರೆ ಗೊತ್ತಿಲ್ಲ.

ಆಗಸ್ಟ್ 13, ರವಿವಾರ. ತಿಕೋಟೆ

ಇವತ್ತು ಒಂದು ಕಡೆ ಕಾಲಿಡಲು ಹೋಗಿ ತಡೆದು ನಿಂತೆ.

ಎಲ್ಲಿ ಎಂದು ಬರೆಯುವುದಿಲ್ಲ. ಹೆಜ್ಜೆ ಎಣಿಸಲಿಲ್ಲ.

ಒಂದೇ ಇತ್ತು. ಮೊಣಕಾಲೂರಿ ನೋಡಿದೆ, ಮುಟ್ಟಲಿಲ್ಲ. ಬಿಸಿ ಇತ್ತೋ ಇಲ್ಲವೋ ಗೊತ್ತಿಲ್ಲ. ತಾಯಿಹಕ್ಕಿ ಹತ್ತಿರದಲ್ಲಿ ಎಲ್ಲೂ ಕಾಣಲಿಲ್ಲ. ನನ್ನನ್ನು ಕಂಡು ಸರಿದು ನಿಂತಿತ್ತೋ, ಬಿಟ್ಟುಹೋಗಿ ಎಷ್ಟೋ ದಿನವಾಗಿತ್ತೋ. ಕಾದು ನೋಡಬಹುದಿತ್ತು. ನಾನು ಅಲ್ಲಿ ನಿಂತಷ್ಟು ಹೊತ್ತು ಅದು ಬರಲಾರದೆಂದು ಹಿಂದಕ್ಕೆ ಸರಿದೆ. ಬಂದ ಹೆಜ್ಜೆಯ ಮೇಲೇ ತಿರುಗಿ ನಡೆದೆ, ಮಲಗಿದ ಹುಲ್ಲನ್ನು ಬೆರಳಿನಿಂದ ಎತ್ತಿ ನಿಲ್ಲಿಸುತ್ತ. ಕಲ್ಲು ಇಡಲಿಲ್ಲ. ಮೂರು ಸಣ್ಣ ಕಲ್ಲು ಇಡಲೂ ಕೈ ಬರಲಿಲ್ಲ. ಆಮೇಲೆ ದೊಡ್ಡ ಸುತ್ತು ಹಾಕಿ, ಬೇರೆಯೇ ದಿಕ್ಕಿನಿಂದ ದಾರಿಗೆ ಬಂದೆ.

ಸಿದ್ದರಾಯ ಕುರಿಗಳೊಡನೆ ಎದುರಾದ. ಕುರಿಗಳ ಮುಖ ನಾನು ಹೋಗಿದ್ದ ಕಡೆಗಿತ್ತು.

"ಏನರ ಕಂಡ್ತೇನ್ರಿ ಅಕ್ಕೋರ?"

"ಇಲ್ಲಪಾ," ಎಂದೆ. "ನಂಗೇನೂ ಕಂಡಿಲ್ಲ."

ಅವನು ನನ್ನ ಸೀರೆ ನೋಡಿದ. ಮೊಣಕಾಲಿನ ಹತ್ತಿರ ಎರಡು ಕಡೆ ಹಸಿ ಮಣ್ಣು ಮೆತ್ತಿಕೊಂಡಿತ್ತು, ನಾನು ನೋಡಿಕೊಂಡಿರಲಿಲ್ಲ. ಆಮೇಲೆ, ಎರಡು ವರ್ಷಗಳಲ್ಲಿ ಮೊದಲ ಸಲ, ಮೀಸೆಯಡಿಯಲ್ಲಿ ನಕ್ಕಂತೆ ಮಾಡಿದ.

"ನಂಗೂ ಕಂಡಿಲ್ಲ ಬಿಡ್ರಿ," ಎಂದು, ಕೋಲೆತ್ತಿ ಕುರಿಗಳನ್ನು ಬೇರೆ ಕಡೆ ತಿರುಗಿಸಿದ.